ತಿಂಡಿ ಬೀದಿಯ ರುಚಿ: ದಾಸ್ತಾನಿಲ್ಲದ ವ್ಯಾಪಾರದ ಪಾಠ

ಚಿಕ್ಕಪೇಟೆ, ಅವೆನ್ಯೂ ರಸ್ತೆ, ಜೆ.ಸಿ. ರಸ್ತೆಗಳಲ್ಲಿ ದಿನವಿಡೀ ಖರೀದಿಯ ಕಾರ್ಯ ಮುಗಿಸಿ ಸಂಜೆಯ ವೇಳೆಗೆ ದಣಿಯುವ ಪರಸ್ಥಳದ ವರ್ತಕ ಬಾಂಧವರಿಗೆ ಬೆಂಗಳೂರು ನೀಡಬಲ್ಲ ಉತ್ತಮ ಆತಿಥ್ಯ ಯಾವುದು? ತಾರಾ ಹೋಟೆಲಿನ ಭೋಜನವೆಂದು ಕೆಲವರು ಹೇಳಿಯಾರು. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ವಿಶ್ವೇಶ್ವರಪುರದಲ್ಲಿ, ಸಜ್ಜನ್‌ರಾವ್ ವೃತ್ತದ ಮಗ್ಗುಲಲ್ಲಿ ಒಂದು ಕಿರಿದಾದ ಬೀದಿಯಿದೆ. ಹಗಲಿನಲ್ಲಿ ಅದು ಸಾಮಾನ್ಯ ರಸ್ತೆ. ಸಂಜೆಯಾಗುತ್ತಲೇ ಕಾವಲಿಗಳು ಕಾದು, ತುಪ್ಪ ಹಾಗೂ ಒಗ್ಗರಣೆಯ ಘಮ ಹರಡಿ, ಅದು ‘ತಿಂಡಿ ಬೀದಿ’ ಎಂಬ ತನ್ನ ಹೆಸರನ್ನು ಸಾರ್ಥಕಪಡಿಸಿಕೊಳ್ಳುತ್ತದೆ.

ಇಲ್ಲಿ ಊಟ ಮಾಡುವುದಕ್ಕೂ ಒಂದು ಕ್ರಮವುಂಟು. ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವನು ಹೊಸಬ. ಬಲ್ಲವರು ಒಂದು ಕಡೆ ಪಡ್ಡು, ಮತ್ತೊಂದು ಕಡೆ ಅಕ್ಕಿ ರೊಟ್ಟಿ, ಮುಂದೆ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ತುಂಬಿದ ಬನ್ನು, ಬಳಿಕ ಕಾವಲಿಯಿಂದ ಆಗಷ್ಟೇ ಇಳಿದ ಒಬ್ಬಟ್ಟು, ಕೊನೆಗೆ ಗುಲ್ಕಂದು ಎಂದು ಬೀದಿಯ ಉದ್ದಕ್ಕೂ ಸಾಗುತ್ತಾರೆ. ಬಟಾಣಿಯ ಬಿಸಿ ಗೊಜ್ಜಿನಲ್ಲಿ ಪುಡಿ ಮಾಡಿದ ಪೂರಿ ನೆನೆಸಿ ಕೊಡುವ ಮಸಾಲೆ ಪೂರಿಯಂತೂ ಈ ನಗರದ ಹೆಮ್ಮೆ. ಚಳಿಗಾಲದಲ್ಲಿ ಮಾಗಡಿ, ಹೊಸಕೋಟೆ, ಕೋಲಾರದ ಕಡೆಯಿಂದ ಸೊಗಡಿನ ಅವರೆಕಾಯಿ ಬರತೊಡಗಿದರೆ ಹಿತಕಿದ ಅವರೆಬೇಳೆಯ ದೋಸೆ, ಉಪ್ಪಿಟ್ಟು, ಹೋಳಿಗೆಗಳ ಕಾಲ. ಆ ದಿನಗಳಲ್ಲಿ ಬೆಂಗಳೂರಿಗೆ ಬಂದೂ ಅದನ್ನು ಸವಿಯದೆ ಹಿಂತಿರುಗುವವರನ್ನು ದುರದೃಷ್ಟವಂತರೆನ್ನದೆ ವಿಧಿಯಿಲ್ಲ.

ರುಚಿಯ ಗುಟ್ಟು ಎಲ್ಲಿದೆ?

ವರ್ತಕರಾದ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಅಲ್ಪ ಬಂಡವಾಳದ, ಕುಳಿತುಕೊಳ್ಳಲು ಆಸನವನ್ನೂ ಒದಗಿಸದ ಈ ವ್ಯಾಪಾರಿಯ ದೋಸೆ, ಎಷ್ಟೋ ವೇಳೆ ದೊಡ್ಡ ಹೋಟೆಲಿನ ದೋಸೆಗಿಂತ ರುಚಿಯಾಗಿರುವುದೇಕೆ? ಕೈಗುಣವೆಂದು ಹೇಳಿ ಸುಮ್ಮನಾಗಬಹುದು. ಕೈಗುಣ ಇದ್ದದ್ದೇ. ಆದರೆ ಅದರ ಹಿಂದೆ ಅಚ್ಚುಕಟ್ಟಾದ ವ್ಯಾಪಾರ ಸೂತ್ರವೊಂದಿದೆ: ಇವನ ಬಳಿ ದಾಸ್ತಾನಿಲ್ಲ.

ಶೀತಲಗೃಹವಾಗಲೀ ಗೋದಾಮಾಗಲೀ ಇಲ್ಲದ ಕಾರಣ ಬೆಳಿಗ್ಗೆ ಕೊಂಡ ತರಕಾರಿ, ಅಂದು ಹುದುಗಿದ ಹಿಟ್ಟು, ಅಂದು ರುಬ್ಬಿದ ಚಟ್ನಿ ಅಂದೇ ರಾತ್ರಿ ಮುಗಿಯಬೇಕು. ಉಳಿದರೆ ಅದು ನೇರ ನಷ್ಟ. ಆದ್ದರಿಂದ ಎಷ್ಟು ಜನ ಬಂದಾರು, ಯಾವ ವಾರ ಯಾವ ತಿನಿಸು ಓಡೀತು, ಮಳೆ ಬಂದರೆ ಎಷ್ಟು ಹಿಟ್ಟು ಕಡಿಮೆ ಮಾಡಬೇಕು ಎಂಬ ಅಂದಾಜು ಅವನಿಗೆ ಬಾಯಿಪಾಠ. ಬಂಡವಾಳ ದಿನಕ್ಕೊಮ್ಮೆ ಸುತ್ತಿ ಕೈಗೆ ಮರಳುತ್ತದೆ. ಗ್ರಾಹಕನ ಕಣ್ಣೆದುರಿನಲ್ಲೇ ಪಾಕ ನಡೆಯುವುದರಿಂದ ಗುಣಮಟ್ಟದ ಪರಿಶೀಲನೆಯೂ ಸ್ಥಳದಲ್ಲೇ ಮುಗಿಯುತ್ತದೆ. ನಾವು ತಾಜಾತನವೆಂದು ಸವಿಯುವುದು ವಾಸ್ತವದಲ್ಲಿ ವಹಿವಾಟಿನ ವೇಗವನ್ನು. ಜನ ಹೆಚ್ಚು ಸೇರುವ ಗಾಡಿಯಲ್ಲಿ ತಿನ್ನಿರಿ ಎಂಬ ಹಿರಿಯರ ಮಾತಿನ ತಿರುಳೂ ಇದೇ.

ಗಾಡಿಯ ಹಿಂದಿನ ಉದ್ಯಮಗಳು

ಆ ಗಾಡಿಯ ಹಿಂದೆ ನಮ್ಮವರೇ ಸಾಲಾಗಿ ನಿಂತಿರುವುದನ್ನೂ ಗಮನಿಸಬೇಕು. ಚುರುಮುರಿಗೆ ಬೇಕಾದ ಮಂಡಕ್ಕಿಗೆ ದಾವಣಗೆರೆಯ ಭಟ್ಟಿಗಳು ಹೆಸರಾದವು. ಗೊಜ್ಜಿನ ಕೆಂಪು ಬಣ್ಣಕ್ಕೆ ಬ್ಯಾಡಗಿಯ ಮೆಣಸಿನಕಾಯಿ. ತಿನಿಸು ಬಡಿಸಲು ಮಲೆನಾಡು, ಕರಾವಳಿಯ ಸಣ್ಣ ಘಟಕಗಳ ಅಡಿಕೆ ಹಾಳೆಯ ತಟ್ಟೆ. 2016ರಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶವ್ಯಾಪಿ ನಿಷೇಧ ಬಂದಿತು. ಹಾಳೆ ತಟ್ಟೆಯ ತಯಾರಕರಿಗೆ ಬೀದಿ ಬದಿಯ ಗಾಡಿಯೇ ಸಹಜ ಮಾರುಕಟ್ಟೆ. ತಳ್ಳುಗಾಡಿ, ಕಾವಲಿ, ಒಲೆ, ರುಬ್ಬುವ ಯಂತ್ರಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳ ಮಾತೂ ಅಷ್ಟೇ. ಬೀದಿಯಲ್ಲಿ ಒಂದು ತಟ್ಟೆ ಮಾರಾಟವಾದರೆ ಅದರ ಹಣ ಅದೇ ವಾರದಲ್ಲಿ ಹಲವು ಊರುಗಳ ಹಲವು ಗಲ್ಲಾಪೆಟ್ಟಿಗೆಗಳಿಗೆ ಹಂಚಿಹೋಗುತ್ತದೆ.

ಶುಚಿತ್ವದ ಪ್ರಶ್ನೆ

ರುಚಿಯನ್ನು ಹೊಗಳುವ ಭರದಲ್ಲಿ ಶುಚಿತ್ವವನ್ನು ಮರೆಯಲಾಗದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಸಂಚಾರಿ ವ್ಯಾಪಾರಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಕೃತಕ ಬಣ್ಣ ಬೆರೆಸಿದ ಗೋಬಿ ಮಂಚೂರಿಯನ್ನು ಹಾಗೂ ಬಣ್ಣದ ಬಾಂಬೆ ಮಿಠಾಯಿಯನ್ನು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಆ ನಿಯಮ ಅನ್ವಯಿಸಿತು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25ನ್ನು ಮೀರಿದರೆ ಆ ಎಣ್ಣೆ ಬಳಕೆಗೆ ಯೋಗ್ಯವಲ್ಲವೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ಗ್ರಾಹಕನಿಗೆ ಪ್ರಯೋಗಾಲಯ ಬೇಕಿಲ್ಲ. ಎಣ್ಣೆ ಕಪ್ಪಗೆ ಮಂದವಾಗಿದೆಯೇ, ಪಾನಿಪೂರಿಯ ನೀರು ಮುಚ್ಚಿದ ಪಾತ್ರೆಯಲ್ಲಿದೆಯೇ, ಹಣ ಮುಟ್ಟಿದ ಕೈಯಲ್ಲೇ ತಿನಿಸು ಬಡಿಸುತ್ತಾರೆಯೇ, ಗೊಜ್ಜು ಕುದಿಯುತ್ತಿದೆಯೇ ಎಂದು ಅರೆಕ್ಷಣ ನೋಡಿದರೆ ಸಾಕು. ನೋಡಿ ತಿನ್ನುವ ಗ್ರಾಹಕನಿದ್ದಲ್ಲಿ ಶುಚಿಯಾದ ವ್ಯಾಪಾರಿ ತಾನಾಗಿ ಬೆಳೆಯುತ್ತಾನೆ.

ಸ್ಥಳವೇ ಬಂಡವಾಳ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ರುಚಿಗೆ ತಾಜಾತನ ಆಧಾರ, ತಾಜಾತನಕ್ಕೆ ವಹಿವಾಟಿನ ವೇಗ ಆಧಾರ. ಆ ವೇಗಕ್ಕಾದರೋ ನಿಂತ ಸ್ಥಳವೇ ಆಧಾರ. ಅದೇ ಮೂಲೆಯಲ್ಲಿ, ಅದೇ ಹೊತ್ತಿಗೆ ಗಾಡಿ ಇರುತ್ತದೆಂಬ ನಂಬಿಕೆಯಿಂದ ಗ್ರಾಹಕ ಬರುತ್ತಾನೆ. ಆ ಗಾಡಿಯನ್ನು ಜನಸಂಚಾರವಿಲ್ಲದ ಬೀದಿಗೆ ತಳ್ಳಿದರೆ ಹಿಟ್ಟು ಉಳಿಯುತ್ತದೆ. ಉಳಿದ ಹಿಟ್ಟು ಮರುದಿನದ ದೋಸೆಯಾಗುತ್ತದೆ. ರುಚಿ, ಶುಚಿ ಎರಡೂ ಕೆಡುವುದು ಅಲ್ಲಿಂದಲೇ.

ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯಿದೆ, 2014 ಈ ಸತ್ಯವನ್ನು ಮನಗಂಡಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರವಿರುವವರನ್ನು ಸ್ಥಳಾಂತರಿಸಲು 30 ದಿನಗಳ ಸೂಚನೆ ಅಗತ್ಯ. 50 ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕವೆಂದು ಘೋಷಿಸಲು ಅವಕಾಶವಿದೆ. ಹಾಗೆಂದು ಕಾಯಿದೆ ಏಕಪಕ್ಷೀಯವಲ್ಲ. ಸ್ಥಳಾವಕಾಶ ಕಲ್ಪಿಸಬೇಕಾದ ವ್ಯಾಪಾರಿಗಳ ಸಂಖ್ಯೆ ಆಯಾ ವಾರ್ಡು ಅಥವಾ ಪಟ್ಟಣದ ಜನಸಂಖ್ಯೆಯ ಶೇ. 2.5ನ್ನು ಮೀರಬಾರದೆಂಬ ಮಿತಿಯೂ ಅದರಲ್ಲಿದೆ.

ಬಂಡವಾಳದ ವಿಷಯದಲ್ಲಿಯೂ ಬದಲಾವಣೆಯಾಗಿದೆ. 2020ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆ ಮೊದಲಿಗೆ 10,000 ರೂಪಾಯಿಗಳ ಸಾಲ ನೀಡುತ್ತಿತ್ತು. 2025ರ ಆಗಸ್ಟ್‌ನಲ್ಲಿ ಪರಿಷ್ಕೃತವಾಗಿ ಮೂರು ಕಂತುಗಳ ಮೊತ್ತ ಕ್ರಮವಾಗಿ 15,000, 25,000 ಹಾಗೂ 50,000 ರೂಪಾಯಿಗಳಾದವು. ಇನ್ನೊಂದೆಡೆ, 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಹಲವೆಡೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ತೂಗಾಡಿದವು. ಸಣ್ಣ ವ್ಯಾಪಾರಿಗೆ ತೆರಿಗೆಗಿಂತಲೂ ತಿಳಿಯದ ನಿಯಮದ ಭಯ ದೊಡ್ಡದು. ಇಂತಹ ಸಂದರ್ಭದಲ್ಲಿ ಲೆಕ್ಕಪತ್ರ ಬಲ್ಲ ನಮ್ಮಂಥವರ ನಾಲ್ಕು ಮಾತು ಅವನಿಗೆ ದೊಡ್ಡ ಆಸರೆ.

ನಮ್ಮ ಪಾಲಿನ ಕುರ್ಚಿ

ಅಂಗಡಿಯ ಮುಂದೆ ಗಾಡಿ ನಿಂತರೆ ದಾರಿ ಮುಚ್ಚುತ್ತದೆ, ಬಾಡಿಗೆ ತೆರುವವರು ನಾವು, ಲಾಭ ಅವರಿಗೆ ಎಂಬುದು ಅಂಗಡಿಕಾರರ ಹಳೆಯ ದೂರು. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಆ ದೂರನ್ನು ಹೇಳಿಕೊಳ್ಳಲು ಕಾಯಿದೆಯೇ ಒಂದು ವೇದಿಕೆಯನ್ನು ನಿರ್ಮಿಸಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು ಕನಿಷ್ಠ ಶೇ. 40ರಷ್ಟಿರಬೇಕು, ಅದೇ ಸಮಿತಿಯಲ್ಲಿ ವರ್ತಕರ ಸಂಘಗಳಿಗೂ ಸ್ಥಾನವುಂಟು. ಗಾಡಿ ಎಲ್ಲಿ, ಯಾವ ಹೊತ್ತಿನಲ್ಲಿ ನಿಲ್ಲಬೇಕು, ನಡೆಯುವವರಿಗೆ ಎಷ್ಟು ದಾರಿ ಬಿಡಬೇಕು, ಕಸ ಎಲ್ಲಿಗೆ ಹೋಗಬೇಕು ಎಂಬುದನ್ನು ಎದುರುಬದುರು ಕುಳಿತು ಚರ್ಚಿಸಲು ಅಲ್ಲಿ ಅವಕಾಶವಿದೆ. ತಮ್ಮ ಊರಿನ ಸಮಿತಿ ಸಭೆ ಸೇರುತ್ತಿದೆಯೇ, ಅಲ್ಲಿ ತಮ್ಮ ಸಂಘದ ಕುರ್ಚಿ ಖಾಲಿಯಿದೆಯೇ ಎಂಬುದನ್ನು ಸದಸ್ಯ ಬಾಂಧವರು ವಿಚಾರಿಸಿ ತಿಳಿದುಕೊಳ್ಳುವುದು ಒಳಿತು.

ಮುಂದಿನ ಬಾರಿ ಬೆಂಗಳೂರಿಗೆ ಬಂದಾಗ ಸಂಜೆಯೊಂದನ್ನು ತಿಂಡಿ ಬೀದಿಗೆ ಮೀಸಲಿಡಿ. ಹಾಳೆ ತಟ್ಟೆಯಲ್ಲಿ ತುಪ್ಪ ಸುರಿದ ಒಬ್ಬಟ್ಟು ಕೈಗೆ ಬಂದಾಗ ಬಿಸಿಯಾಗಿರುವಾಗಲೇ ತಿನ್ನಿ. ತಿಂದ ಮೇಲೆ ಒಂದು ಕ್ಷಣ ನಿಂತು ಕಾವಲಿಯ ಪಕ್ಕದ ಹಿಟ್ಟಿನ ಪಾತ್ರೆಯನ್ನು ನೋಡಿ. ರಾತ್ರಿ ಗಾಡಿ ಮುಚ್ಚುವ ಹೊತ್ತಿಗೆ ಅದು ಬರಿದಾಗಿದ್ದರೆ, ಅಂದಿನ ಲೆಕ್ಕ ಸರಿಹೋಯಿತೆಂದೇ ಅರ್ಥ.