ಗೊಣಗಾಟದಿಂದ ಮೋಜಿಗೆ: ವಾದಿ ಬ್ಯಾಷಿಂಗ್

ಒಮಾನಿನ ಬಾತಿನಾ ಕರಾವಳಿಯಲ್ಲಿ ಸೊಹಾರ್ ಮತ್ತು ಖಾಬೂರಾ ನಡುವಿನ ಊರು ಸಹಮ್. ಮುಂದೆ ಸಮುದ್ರ, ಬೆನ್ನಿಗೆ ಹಜರ್ ಬೆಟ್ಟಸಾಲು. ಬೆಟ್ಟದಿಂದ ಇಳಿಯುವ ಅಹಿನ್‌ನಂಥ ವಾದಿಗಳು, ಅಂದರೆ ಮಳೆ ಬಂದಾಗಷ್ಟೇ ಹರಿಯುವ ಹಳ್ಳಗಳು, ವರ್ಷದ ಬಹುಪಾಲು ಬರೀ ಉರುಟುಗಲ್ಲಿನ ಹಾಸು. ರಜೆ ಬಂತೆಂದರೆ ಗಲ್ಫಿನ ವಿದೇಶಿ ನೌಕರರು ಫೋರ್‌ವೀಲ್ ಡ್ರೈವ್ ಗಾಡಿ ಹತ್ತಿ, ಟೈರಿನ ಗಾಳಿ ಸ್ವಲ್ಪ ಇಳಿಸಿ, ಇಂಥ ಕಲ್ಲುಹಾಸಿನ ಮೇಲೆ ಕುಲುಕಾಡುತ್ತ ಹೊರಡುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ವಾದಿ ಬ್ಯಾಷಿಂಗ್. ಗಲ್ಫ್ ಕಾಣದ ಇಂಗ್ಲಿಷರು ಕೇಳಿದರೆ ಯಾರಿಗೋ ಏಟು ಬಿತ್ತು ಅಂದುಕೊಂಡಾರು!

ಬ್ಯಾಷ್ ಅಂದರೆ ಬಡಿ, ಚಚ್ಚು. ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಅದು ಬೇಸರ ತರಿಸುವ ಕೆಲಸಗಳಿಗೆಲ್ಲ ಅಂಟಿಕೊಂಡಿತು. ಕವಾಯತು 'ಸ್ಕ್ವೇರ್ ಬ್ಯಾಷಿಂಗ್' ಆಯಿತು, ಆಲೂಗಡ್ಡೆ ಸುಲಿಯುವುದು 'ಸ್ಪಡ್ ಬ್ಯಾಷಿಂಗ್'. ಈಗಿನ ಯುಎಇ ನೆಲದಲ್ಲಿ 1951ರಲ್ಲಿ ಕಟ್ಟಿದ ಟ್ರೂಷಿಯಲ್ ಒಮಾನ್ ಪಡೆಯಲ್ಲೂ ಒಮಾನ್ ಸುಲ್ತಾನರ ಸೇನೆಯಲ್ಲೂ ಬ್ರಿಟಿಷ್ ಅಧಿಕಾರಿಗಳಿದ್ದರು, ಲ್ಯಾಂಡ್‌ರೋವರ್‌ಗಳಿದ್ದವು. ವಾದಿಗೆ ಬ್ಯಾಷಿಂಗ್ ಜೋಡಿಸಿದ್ದು ಆ ಪಾಳಯವೇ ಇರಬೇಕೆಂದು ನನ್ನ ಊಹೆ.

1970ರಲ್ಲಿ ಒಮಾನಿನ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 10 ಕಿ.ಮೀ. ಬೆಟ್ಟದೊಳಗಿನ ಊರುಗಳಿಗೆ ವಾದಿಯೇ ದಾರಿ. ಕತ್ತೆಗೂ ಅದೇ, ಜೀಪಿಗೂ ಅದೇ. ತೈಲದ ದುಡ್ಡಿನಲ್ಲಿ ರಸ್ತೆಗಳಾದ ಮೇಲೆ ವಾದಿಗೆ ಇಳಿಯಲೇಬೇಕೆಂಬ ಕರ್ಮ ತಪ್ಪಿತು. ಮೈಕೈ ನೋಯಿಸುತ್ತಿದ್ದ ದಾರಿ ಆಗಲೇ ಮೋಜಾಗಿದ್ದು. ಮರಳುದಿಬ್ಬಕ್ಕೆ 'ಡ್ಯೂನ್ ಬ್ಯಾಷಿಂಗ್' ಬಂತು. ದುಬೈ ಪ್ರವಾಸದ ಪ್ಯಾಕೇಜಿನಲ್ಲಿ ಊಟದ ಜೊತೆ ಈಗ ಅದೂ ಸೇರಿದೆ.

ಆದರೆ ಸಹಮ್ ಸೀಮೆಯಲ್ಲಿ ವಾದಿಯ ಮಾತೆತ್ತಿದರೆ ನೀರಿನ ಮಾತು. ನಮ್ಮ ಬಯಲುಸೀಮೆಯವರು 'ಹಳ್ಳ ಬಂತು' ಅನ್ನುವಂತೆ ಅಲ್ಲಿಯವರು 'ವಾದಿ ನಾಝಿಲ್' ಅನ್ನುತ್ತಾರೆ. ಮಳೆ ಬಿದ್ದದ್ದು ದೂರದ ಬೆಟ್ಟದಲ್ಲಿ, ಇಲ್ಲಿ ನೆತ್ತಿಯ ಮೇಲೆ ಬಿಸಿಲು. ಅಷ್ಟರಲ್ಲಿ ಕಲ್ಲುಹಾಸಿನ ತುಂಬ ಕೆಂಪು ನೀರು. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಈ ಕರಾವಳಿಗೆ ಅಪ್ಪಳಿಸಿದಾಗ ಪಕ್ಕದ ಖಾಬೂರಾದಲ್ಲಿ 369 ಮಿ.ಮೀ. ಮಳೆ ಸುರಿಯಿತು. ಅಲ್ಲಿ ಹಲವು ವರ್ಷಗಳಲ್ಲಿ ಬೀಳಬೇಕಾದ ಮಳೆ ಅದು.

ಹರಿಯುವ ವಾದಿಗೆ ಗಾಡಿ ಇಳಿಸಿದರೆ ಒಮಾನಿನಲ್ಲಿ ಜೈಲೂ ಉಂಟು, ದಂಡವೂ ಉಂಟು. ಪಕ್ಕದ ಯುಎಇ 2023ರಲ್ಲಿ ನಿಯಮ ಬಿಗಿಮಾಡಿತು: 2000 ದಿರ್ಹಮ್ ದಂಡ, 60 ದಿನ ಗಾಡಿ ಜಪ್ತಿ. ಮಳೆಯಲ್ಲಿ ವಾದಿಯ ದಡಕ್ಕೆ ನೋಡಲೆಂದು ಹೋಗಿ ಗುಂಪುಗೂಡಿದವರಿಗೂ 1000 ದಿರ್ಹಮ್.