ಮನೆ ಹೆಸರೊಂದಿದ್ದರೆ ಸಾಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ವಧು-ವರರ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಓಡಾಡುವ ಬಯೋಡೇಟಾ ಒಂದನ್ನು ಬಿಡಿಸಿ ನೋಡಿದರೆ ಒಂದೇ ಪುಟದಲ್ಲಿ ಇಡೀ ಮನೆ ಕೂತಿರುತ್ತದೆ. ಹುಡುಗನ ಹೆಸರು, ಹುಟ್ಟಿದ ತಾರೀಕು, ಗಳಿಗೆ, ನಕ್ಷತ್ರ, ಪಾದ, ಗೋತ್ರ; ಓದು, ಕಂಪನಿ, ಸಂಬಳ; ಅಪ್ಪನ ಹೆಸರು, ಅಮ್ಮನ ತವರು; ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದಾರೆ, ಭಾವ ಏನು ಮಾಡುತ್ತಾರೆ; ಅಡಿಕೆ ಎಷ್ಟು ಎಕರೆ, ಕಾಫಿ ಎಷ್ಟು; ಕೊನೆಗೆ ಅಪ್ಪನ ಮೊಬೈಲ್ ನಂಬರು, ಪಕ್ಕದಲ್ಲಿ ಫೋಟೊ. ಹೆಣ್ಣು ಕೊಡುವವರಿಗೆ ಇದೆಲ್ಲ ಬೇಕಾದದ್ದೇ. ಆದರೆ ಇದೇ ಹಾಳೆಯನ್ನು ಬೇರೆ ಕಣ್ಣಿನಿಂದ ಓದಿ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡ ಇ-ಆಧಾರ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ಇಸವಿ. ತಾಯಿಯ ತವರಿನ ಹೆಸರು ಬ್ಯಾಂಕುಗಳು ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳಲು ಬಹಳ ಕಾಲ ಕೇಳುತ್ತ ಬಂದ ಪ್ರಶ್ನೆ. ಸಂಬಂಧ ಕುದುರಲಿ ಎಂದು ಕಳಿಸಿದ ಹಾಳೆ ಬೀಗದ ಕೈಗೊಂಚಲೂ ಆಗಿರುತ್ತದೆ.

ಇಷ್ಟನ್ನೂ ಯಾರ ಒತ್ತಾಯವೂ ಇಲ್ಲದೆ ಕೊಡುತ್ತೇವೆ. ಹಾಗೆಂದು ಇದು ಹಳ್ಳಿಯವರ ತಿಳಿಗೇಡಿತನವಲ್ಲ. 2005ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಲ್ಫ್ ಗ್ರಾಸ್ ಮತ್ತು ಅಲೆಸಾಂಡ್ರೊ ಅಕ್ವಿಸ್ಟಿ ತಮ್ಮದೇ ಕ್ಯಾಂಪಸ್ಸಿನವರ 4 ಸಾವಿರಕ್ಕೂ ಹೆಚ್ಚು ಫೇಸ್‌ಬುಕ್ ಪುಟಗಳನ್ನು ಪರಿಶೀಲಿಸಿದರು. ನೂರಕ್ಕೆ 90ರಲ್ಲಿ ಫೋಟೊ, 87ರಲ್ಲಿ ಹುಟ್ಟಿದ ದಿನ, ಹೆಚ್ಚುಕಡಿಮೆ 40ರಲ್ಲಿ ಫೋನ್ ನಂಬರು ಇತ್ತು. ಯಾರು ನೋಡಬಹುದು ಎಂಬ ಸೆಟ್ಟಿಂಗ್ ಬದಲಿಸಿಕೊಂಡವರು ತೀರಾ ಕಡಿಮೆ. ಕಂಪ್ಯೂಟರ್ ವಿಜ್ಞಾನಕ್ಕೆ ಹೆಸರಾದ ಜಾಗದಲ್ಲೇ ಹೀಗಿತ್ತು. ನಮ್ಮವರೇ ತುಂಬಿರುವ ಜಾಗ ಎಂಬ ಭಾವನೆ ಬಂದರೆ ಸಾಕು, ಓದಿದವರೂ ಓದದವರೂ ಒಂದೇ ಥರ ಬಾಯಿ ಬಿಡುತ್ತೇವೆ.

ಮಲೆನಾಡಿನ ಕಷ್ಟ ಬೇರೆ ಇದೆ: ಇಲ್ಲಿ ಜನ ಕಡಿಮೆ. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ಅಂಚೆಯ ಪಿನ್‌ಕೋಡಿನಂಥ ಒಂದು ಸಂಖ್ಯೆ, ಈ ಮೂರೇ ಸುಳಿವಿನಿಂದ ಅಮೆರಿಕದ ನೂರಕ್ಕೆ 87 ಜನರನ್ನು ಬೇರೆಯಾಗಿ ಗುರುತಿಸಬಹುದು ಎಂದು ಸಂಶೋಧಕಿ ಲಟಾನ್ಯ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೇ ಲೆಕ್ಕವನ್ನು ಶೃಂಗೇರಿಗೆ ಹಾಕೋಣ. 80 ವರ್ಷದಲ್ಲಿ ಸುಮಾರು 29,200 ಹುಟ್ಟುದಿನಗಳು; ಗಂಡು, ಹೆಣ್ಣು ಎಂದು ಎರಡು ಮಾಡಿದರೆ 58,400 ಖಾನೆಗಳು. 2011ರ ಜನಗಣತಿಯಲ್ಲಿ ಶೃಂಗೇರಿ ತಾಲ್ಲೂಕಿನ ಜನಸಂಖ್ಯೆ 40 ಸಾವಿರ ಮುಟ್ಟಿರಲಿಲ್ಲ. ಸರಾಸರಿಗೆ ಖಾನೆಗೊಬ್ಬರೂ ಸಿಗುವುದಿಲ್ಲ. ತಾಲ್ಲೂಕು ಮತ್ತು ಹುಟ್ಟಿದ ದಿನ ಗೊತ್ತಾದರೆ ಎಷ್ಟೋ ಜನರ ಮಟ್ಟಿಗೆ ಹೆಸರು ಹೇಳಿದಂತೆಯೇ. ಹಿಂದಿನ ತಲೆಮಾರಿಗೆ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದುಕೊಟ್ಟ ಹುಟ್ಟುದಿನ ಒಂದಿಷ್ಟು ಮರೆ ಕೊಟ್ಟಿತ್ತು. ಈಗಿನ ಬಯೋಡೇಟಾದಲ್ಲಿ ಹುಟ್ಟಿದ ನಿಮಿಷವೂ ಇರುತ್ತದೆ. ಮೇಲಾಗಿ ಇಲ್ಲಿನ ಮನೆಗಳಿಗೆ ಬಾಗಿಲ ನಂಬರಿಗಿಂತ ಹೆಸರೇ ಗುರುತು. ಕೂಗಳತೆಯಲ್ಲಿ ಇನ್ನೊಂದು ಮನೆ ಇಲ್ಲದ ಕಡೆ, ತೋಟದ ತಲೆಗೆ ಒಂದೇ ಮನೆ. ಬೆಂಗಳೂರಿನ ಒಂದು ಬಡಾವಣೆಯ ಹೆಸರು ಸಾವಿರಾರು ಜನರನ್ನು ಮರೆಮಾಡುತ್ತದೆ. ಮಲೆನಾಡಿನ ಮನೆ ಹೆಸರು ನೇರ ಅಂಗಳಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಇಲ್ಲಿ ಒಬ್ಬರು ತಮ್ಮ ಬಗ್ಗೆ ಹೇಳಿದ್ದು ತಮ್ಮೊಬ್ಬರ ಬಗ್ಗೆ ಮಾತ್ರ ಆಗಿರುವುದಿಲ್ಲ, ಮನೆಯವರೆಲ್ಲರ ಬಗ್ಗೆ ಆಗಿರುತ್ತದೆ, ಅದೂ ಒಂದೇ ಸಲಕ್ಕಲ್ಲ, ಬಿಡಿಬಿಡಿಯಾಗಿ. ಎಲೆಚುಕ್ಕಿ ರೋಗಕ್ಕೆ ಏನು ಹೊಡೆಯಬೇಕು ಎಂದು ಕೃಷಿ ಗ್ರೂಪಿನಲ್ಲಿ ಕೇಳುವಾಗ ಸೋಗೆಯ ಫೋಟೊ ಜೊತೆಗೆ ಊರು, ಎಕರೆ ಹೇಳಿರುತ್ತಾರೆ. ಕೊನೆ ಕೊಯ್ಲಿನ ಹೊತ್ತಿಗೆ ಅಂಗಳದ ತುಂಬ ಹರವಿದ ಅಡಿಕೆಯ ಚಿತ್ರ ಸ್ಟೇಟಸ್ಸಿಗೆ ಏರುತ್ತದೆ. ಅಡಿಕೆಯಲ್ಲಿ ಬೆಟ್ಟೆ ಎಷ್ಟಕ್ಕೆ ಹೋಯಿತು, ಸರಕು ಎಷ್ಟಕ್ಕೆ ಎಂಬುದು ಮತ್ತೊಂದು ಗ್ರೂಪಿನಲ್ಲಿ. ಬೆಂಗಳೂರಿನಲ್ಲಿರುವ ಮಗಳು 'ಅಪ್ಪ ಅಮ್ಮ ಮದುವೆಗೆ ಬಂದಿದ್ದಾರೆ' ಎಂದು ಕುಟುಂಬದ ಗ್ರೂಪಿನಲ್ಲಿ ಸಂತೋಷ ಹಂಚಿಕೊಳ್ಳುತ್ತಾಳೆ. ಒಂದೊಂದೂ ನಿರುಪದ್ರವಿ. ನಾಲ್ಕನ್ನೂ ಒಂದು ಕಡೆ ಇಟ್ಟರೆ ಯಾವ ಒಂಟಿ ಮನೆಯಲ್ಲಿ ಎಷ್ಟು ಅಡಿಕೆ ಇದೆ, ಈ ವಾರ ಅಲ್ಲಿ ಯಾರೂ ಇಲ್ಲ ಎಂಬುದು ತಿಳಿಯುತ್ತದೆ. ಮಕ್ಕಳು ಊರು ಬಿಟ್ಟು ಎಪ್ಪತ್ತು ದಾಟಿದ ಇಬ್ಬರೇ ಉಳಿದ ಮನೆಗಳು ಹೆಚ್ಚುತ್ತಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಒಬ್ಬರ ಕೈಯಿಂದ ಎಷ್ಟು ಜನರ ಮಾಹಿತಿ ಹೋಗಬಹುದು ಎಂಬುದಕ್ಕೆ 2018ರ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣದ ಒಂದು ಅಂಕಿ ಸಾಕು. ಅಲ್ಲಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೆಳೆದದ್ದು ಪ್ರಶ್ನಾವಳಿಯ ಒಂದು ಆ್ಯಪ್. ಫೇಸ್‌ಬುಕ್ ಕಂಪನಿಯೇ ಕೊಟ್ಟ ಲೆಕ್ಕದಂತೆ ಅದನ್ನು ಹಾಕಿಕೊಂಡ ಭಾರತೀಯರು 335 ಜನ. ಅದರಿಂದ ಮಾಹಿತಿ ಹೋಗಿರಬಹುದಾದವರು 5,62,455 ಜನ. ಉಳಿದವರ ತಪ್ಪೆಂದರೆ ಆ 335 ಜನರ ಸ್ನೇಹಿತರ ಪಟ್ಟಿಯಲ್ಲಿದ್ದದ್ದು.

ಹಳ್ಳಿಯಲ್ಲಿ ಗುಟ್ಟು ಯಾವತ್ತು ತಾನೇ ಇತ್ತು ಎಂದು ಕೇಳುವವರಿದ್ದಾರೆ. ಯಾರ ಮನೆಯಲ್ಲಿ ಪಾಲಾಯಿತು, ಯಾರ ಸಾಲ ಎಷ್ಟು ಎಂಬುದು ಸಂತೆ ದಿನ ಬಸ್ಸಿನಲ್ಲೇ ಗೊತ್ತಾಗುತ್ತಿತ್ತಲ್ಲ, ಈಗೇನು ಹೊಸದು ಎಂಬುದು ಅವರ ವಾದ. ಇದು ಗಟ್ಟಿಯಾದ ಆಕ್ಷೇಪ. ಅರ್ಧ ನಿಜವೂ ಹೌದು. ಆದರೆ ಆ ತಿಳಿವಳಿಕೆ ಎರಡೂ ಕಡೆಯದಾಗಿತ್ತು. ನಿಮ್ಮ ಸಾಲ ಗೊತ್ತಿದ್ದವನ ಸಾಲ ನಿಮಗೂ ಗೊತ್ತಿತ್ತು. ಅವನು ನಾಳೆ ನಿಮ್ಮ ಮನೆಯ ಅಡಿಕೆ ಸುಲಿತಕ್ಕೆ ಬರಬೇಕು, ಮನೆಯಲ್ಲಿ ಸಾವಾದರೆ ಮೊದಲು ಬಂದು ನಿಲ್ಲಬೇಕು. ಹಾಗಾಗಿ ಆಡುವ ಮಾತಿಗೆ ಹೊಣೆ ಇತ್ತು. ಸುದ್ದಿ ಹಬ್ಬಿದರೂ ಬಾಯಿಂದ ಬಾಯಿಗೆ ಸವೆಯುತ್ತ ಹಬ್ಬುತ್ತಿತ್ತು, ಸೀತಾನದಿ ದಾಟುವಷ್ಟರಲ್ಲಿ ಯಾರ ಸುದ್ದಿ ಎಂಬುದೇ ಮರೆತಿರುತ್ತಿತ್ತು. ಇವತ್ತಿನ ಒಂದು ವಾಟ್ಸ್ಯಾಪ್ ಗ್ರೂಪಿನಲ್ಲಿ 1,024 ಜನ ಇರಬಹುದು. ಮಾತೇ ಆಡದೆ ಓದುತ್ತ ಕೂತವರು ಯಾರೆಂದು ಅಡ್ಮಿನ್‌ಗೂ ಗೊತ್ತಿಲ್ಲದಿರಬಹುದು, ಆದರೆ ಬರೆದವರ ನಂಬರು ಎಲ್ಲರ ಕೈಯಲ್ಲಿದೆ. 2016ರಿಂದ ವಾಟ್ಸ್ಯಾಪ್ ಸಂದೇಶಗಳು ದಾರಿಯಲ್ಲಿ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಹೋಗುತ್ತವೆ, ನಿಜ. ಆ ಕಾವಲು ದಾರಿಗೆ ಮಾತ್ರ, ತಲುಪಿದ ಮೇಲೆ ಫಾರ್ವರ್ಡ್ ಮಾಡುವ ಬೆರಳಿಗಲ್ಲ.

ಹೀಗೆ ಫಾರ್ವರ್ಡ್ ಆಗುವುದರ ಪರಿಣಾಮ 2020ರ ಮಾರ್ಚ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಕರ್ನಾಟಕಕ್ಕೇ ಕಂಡಿತ್ತು. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು. ಪಟ್ಟಿಗಳು ಗಂಟೆಗಳಲ್ಲಿ ಗ್ರೂಪಿನಿಂದ ಗ್ರೂಪಿಗೆ ಹಾರಿದವು. ಹೆಸರು ಹಾಕಿಲ್ಲವಲ್ಲ ಎಂಬ ಸಮಾಧಾನ ಇತ್ತು. ಮಲೆನಾಡಿನ ಮನೆಯ ವಿಳಾಸ ಬರೆದ ಮೇಲೆ ಹೆಸರು ಬರೆಯುವುದು ಉಳಿದಿರುವುದೇ ಇಲ್ಲ. ಸೋಂಕು ವಾರಗಳಲ್ಲಿ ಹೋಗಬಹುದು, ಆ ಮನೆಯತ್ತ ನೋಡುವ ನೋಟ ಅಷ್ಟು ಬೇಗ ಹೋಗುವುದಿಲ್ಲ.

ಇನ್ನೊಂದು ಆಕ್ಷೇಪ: ಸರ್ಕಾರವೇ ಎಲ್ಲವನ್ನೂ ಬಯಲಿಗಿಟ್ಟಿರುವಾಗ ನಾವು ಮುಚ್ಚಿಟ್ಟು ಪ್ರಯೋಜನವೇನು? ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರು ಹೊಡೆದರೆ ಪಹಣಿ ಬರುತ್ತದೆ. ಮಾಲೀಕರ ಹೆಸರು, ವಿಸ್ತೀರ್ಣ, 11ನೇ ಕಲಮಿನಲ್ಲಿ ಸೊಸೈಟಿ ಸಾಲವೂ ಕಾಣುತ್ತದೆ. ಇದರಿಂದ ರೈತರಿಗೆ ಆಗಿರುವ ಉಪಕಾರ ದೊಡ್ಡದು, ಅದನ್ನು ಮುಚ್ಚಿ ಎಂದು ಹೇಳಲಾರೆ. ಆದರೆ ಪಹಣಿಯಲ್ಲಿ ಮುಖ ಇಲ್ಲ, ಫೋನ್ ನಂಬರಿಲ್ಲ, ಮಗಳು ಯಾವ ಊರಿನಲ್ಲಿದ್ದಾಳೆ ಎಂದಿಲ್ಲ. ಬೇರೆ ಬೇರೆ ಕಪಾಟಿನಲ್ಲಿರುವ ಕಾಗದಗಳನ್ನು ಪೋಣಿಸುವ ದಾರ ನಾವು ಗ್ರೂಪಿಗೆ ಹಾಕುವ ಮಾಹಿತಿ. ಪೋಣಿಸಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರು ಅನುಭವಿಸಿದರು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆರಳ ಗುರುತು, ಆಧಾರ್ ಸಂಖ್ಯೆ ಬಳಸಿ ಒಟಿಪಿಯೂ ಇಲ್ಲದೆ ಅವರ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲಾಯಿತು. ಒಂದು ಕೆಲಸಕ್ಕೆ ಕೊಟ್ಟ ಗುರುತು ಬೇರೆಯವರ ಕೈಯಲ್ಲಿ ಇನ್ನೊಂದು ಕೆಲಸ ಮಾಡಿತು.

ಹಾಗಾದರೆ ಗ್ರೂಪು ಬಿಟ್ಟುಬಿಡುವುದೇ? ಆನೆ ಯಾವ ಎಸ್ಟೇಟಿನಲ್ಲಿದೆ ಎಂದು ರಾತ್ರಿ ತಿಳಿಸುವ ಗ್ರೂಪು ನರಸಿಂಹರಾಜಪುರ, ಕೊಪ್ಪದ ಕಡೆ ಬೆಳಗಿನ ಜಾವ ಕೆಲಸಕ್ಕೆ ಹೊರಡುವವರ ಜೀವದ ಪ್ರಶ್ನೆ. ಅಂಥದನ್ನು ಬಿಡಿ ಎನ್ನುವವರಿಗೆ ಇಲ್ಲಿನ ಬದುಕು ಗೊತ್ತಿಲ್ಲ. ಆದರೆ ಆ ಸಂದೇಶ ಗಮನಿಸಿ: ಅದರಲ್ಲಿರುವುದು ಆನೆ, ಜಾಗ, ಹೊತ್ತು. ದಿನದಿನದ ಮಳೆ ಎಷ್ಟು ಮಿಲಿಮೀಟರ್ ಎಂದು ಹಾಕುವವರೂ ಮನೆಯ ಗುಟ್ಟೇನೂ ಬಿಟ್ಟುಕೊಡುವುದಿಲ್ಲ. ಊರಿಗೆ ಬೇಕಾದ ಸುದ್ದಿಗೆ ಮನುಷ್ಯರ ವಿವರ ಅಷ್ಟಾಗಿ ಬೇಕಿಲ್ಲ. ರಕ್ತ ಬೇಕು ಎಂಬ ಸಂದೇಶಕ್ಕೆ ಬೇಕಾದದ್ದು ರಕ್ತದ ಗುಂಪು, ಆಸ್ಪತ್ರೆ, ಒಂದು ನಂಬರು, ಎಷ್ಟು ಹೊತ್ತಿನೊಳಗೆ ಎಂಬುದು. ರೋಗಿಯ ಫೋಟೊ, ಕಾಯಿಲೆಯ ಹೆಸರು, ವರದಿಯ ಚೀಟಿ ಹಾಕಿದರೆ ರಕ್ತ ಬೇಗ ಸಿಗುವುದಿಲ್ಲ. ರೋಗಿ ಗುಣವಾಗಿ ಮನೆಗೆ ಬಂದ ಎಷ್ಟೋ ತಿಂಗಳ ಮೇಲೂ ಆ ಚೀಟಿ ಮಾತ್ರ ತಿರುಗುತ್ತಿರುತ್ತದೆ.

ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ ಎಂಬ ಮಾತೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಆ ಹಿರಿಯರಿಗೆ ಬಚ್ಚಿಡಬೇಕಾದ ಪಾಪವೇನೂ ಇರಲಿಲ್ಲ. ಏನನ್ನು ಯಾರಿಗೆ ಹೇಳಬೇಕು ಎಂಬ ತೀರ್ಮಾನ ಯಾರದು ಎಂಬುದೇ ಅಲ್ಲಿನ ಪ್ರಶ್ನೆ. ಆ ಬಳಿಕ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ಒಬ್ಬರು ತಾವಾಗಿಯೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೂ, ಸ್ವಂತಕ್ಕೆ ಅಥವಾ ಮನೆಯ ಕೆಲಸಕ್ಕೆಂದು ಒಬ್ಬರು ಬಳಸುವ ಮಾಹಿತಿಗೂ ಆ ಕಾಯ್ದೆ ಅನ್ವಯಿಸುವುದಿಲ್ಲ. ಸೋದರಮಾವ ಒಳ್ಳೆಯ ಮನಸ್ಸಿನಿಂದ ಸೋದರಸೊಸೆಯ ಬಯೋಡೇಟಾವನ್ನು ನಾಲ್ಕು ಗ್ರೂಪಿಗೆ ಕಳಿಸಿದಾಗ, ಅವಳಿಗೂ ಆ ಸಾವಿರಾರು ಜನರಿಗೂ ನಡುವೆ ನಿಲ್ಲುವ ಕಾನೂನು ಹುಡುಕುವುದು ಕಷ್ಟ. ಆ ಹಾಳೆಯಲ್ಲಿ ಫೋಟೊ ಅವಳದು, ಹುಟ್ಟಿದ ಗಳಿಗೆ ಅವಳದು. ಕಳಿಸಲೇ ಎಂದು ಅವಳನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹಿಂದೆ ಜಾತಕ, ಫೋಟೊ ಲಕೋಟೆಯಲ್ಲಿ ಹೋಗುತ್ತಿದ್ದವು, ಯಾರ ಮನೆಗೆ ಹೋಗಿವೆ ಎಂದು ಗೊತ್ತಿರುತ್ತಿತ್ತು, ಕೂಡಿ ಬರದಿದ್ದರೆ ಫೋಟೊ ವಾಪಸ್ ಬರುತ್ತಿತ್ತು. ಈಗ ಮದುವೆಯಾಗಿ ಮಗು ಶಾಲೆಗೆ ಹೋಗುತ್ತಿರುವಾಗಲೂ ಅವಳ ಅಪ್ಪನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರಬಹುದು: ಹುಡುಗಿಗೆ ಎಲ್ಲಾದರೂ ಗೊತ್ತಾಗಿದೆಯೇ, ತೋಟ ಎಷ್ಟು ಎಕರೆ ಅಂದಿರಿ?