ಗಲ್ಫಿನ ‘ಮಾಫಿ’ ಕ್ಷಮೆಯಲ್ಲ

ಯುಎಇಯ ಅಲ್ ಐನ್‌ನ ಸನಾಯ್ಯಾ ಎಂದರೆ ಗ್ಯಾರೇಜು, ಟೈರ್ ಅಂಗಡಿ, ವೆಲ್ಡಿಂಗ್ ಶೆಡ್ಡುಗಳ ಪ್ರದೇಶ. ಅಲ್ಲಿನ ಯಾವುದಾದರೂ ಬಕಾಲದಲ್ಲಿ, ಅಂದರೆ ಕಿರಾಣಿ ಅಂಗಡಿಯಲ್ಲಿ, ಸ್ವಲ್ಪ ಹೊತ್ತು ನಿಂತರೆ ಸಾಕು, ಒಂದು ಪದ ಕಿವಿಗೆ ಬಿದ್ದೇ ಬೀಳುತ್ತದೆ. ಗಿರಾಕಿ ಬಾಗಿಲಲ್ಲೇ ನಿಂತು “ಖುಬೂಸ್ ಫೀ?” ಎಂದು ಕೇಳುತ್ತಾನೆ. ಅಂಗಡಿಯವನು ತಲೆಯನ್ನೂ ಎತ್ತದೆ “ಮಾಫಿ” ಎನ್ನುತ್ತಾನೆ. ರೊಟ್ಟಿ ಮುಗಿದಿದೆ, ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ.

ಊರಿನಿಂದ ಹೊಸದಾಗಿ ಬಂದ ಕನ್ನಡಿಗರಿಗೆ ಇದು ಹಳೇ ಪರಿಚಯದ ಪದ ಅನ್ನಿಸುತ್ತದೆ. ಕೋರ್ಟಿನ ಸುದ್ದಿಯಲ್ಲಿ ಮಾಫಿ ಸಾಕ್ಷಿ ಓದಿರುತ್ತೇವೆ, ಕಂದಾಯ ಮಾಫಿ ಕೇಳಿರುತ್ತೇವೆ, ಹಿಂದಿ ಸಿನಿಮಾದ ‘ಮಾಫ್ ಕರೋ’ ಅಂತೂ ಬಾಯಿಪಾಠ. ಹೀಗಾಗಿ ಅಂಗಡಿಯವನು ಪಾಪ, ಕ್ಷಮೆ ಕೇಳುತ್ತಿದ್ದಾನೆ ಎಂದುಕೊಳ್ಳುವುದುಂಟು. ಅಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ಆದರೆ ಕೆಲಸದಲ್ಲಿ ಏನೋ ಎಡವಟ್ಟಾದಾಗ ಅರ್ಬಾಬ್ ಮುಂದೆ, ಅಂದರೆ ಧಣಿಯ ಮುಂದೆ, ಕೈ ಜೋಡಿಸಿ “ಮಾಫಿ, ಮಾಫಿ” ಎಂದರೆ ಅವನ ಕಿವಿಗೆ ಬೀಳುವುದು “ಇಲ್ಲ, ಇಲ್ಲ” ಎಂಬ ವಾದ. ತಪ್ಪೊಪ್ಪಿಕೊಳ್ಳಲು ಹೋದವನು ತಪ್ಪನ್ನು ಅಲ್ಲಗಳೆದಂತಾಗುತ್ತದೆ. ಕ್ಷಮೆ ಕೇಳಬೇಕಿದ್ದರೆ ‘ಆಸಿಫ್’ ಎನ್ನಬೇಕು, ಹೆಂಗಸರಾದರೆ ‘ಆಸಿಫಾ’.

ಎರಡು ಮಾಫಿಗಳ ಮೂಲವೂ ಅರಬ್ಬಿಯೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ನಮ್ಮ ಮಾಫಿ ಪಾರ್ಸಿ, ಉರ್ದುಗಳ ದಾರಿಯಲ್ಲಿ ಬಂದದ್ದು. ಅದರ ಬೇರು ಕ್ಷಮಿಸುವುದು, ಬಿಟ್ಟುಬಿಡುವುದು ಎಂಬರ್ಥದ ‘ಅಫ್ವ್’. ಗಲ್ಫಿನದು ‘ಮಾ’ ಮತ್ತು ‘ಫೀ’ ಎಂಬ ಎರಡು ಪದಗಳು ಅಂಟಿಕೊಂಡದ್ದು. ಮಾ ನಿರಾಕರಣೆಯ ಪದ, ಫೀ ಎಂದರೆ ಮೂಲದಲ್ಲಿ ‘ಅದರಲ್ಲಿ’, ಆಡುಮಾತಿನಲ್ಲಿ ‘ಇದೆ’; ಹೀಗಾಗಿ ಮಾಫಿ ಎಂದರೆ ‘ಇಲ್ಲ’.

ಇನ್ನೊಂದು ತಪ್ಪು ನಂಬಿಕೆ, ಮಾಫಿ ಮಾಲೂಮ್ (ಗೊತ್ತಿಲ್ಲ), ಮಾಫಿ ಮುಶ್ಕಿಲ್ (ತೊಂದರೆಯಿಲ್ಲ) ಎನ್ನಲು ಬಂದರೆ ಅರಬ್ಬಿ ಬಂದಂತೆ ಎನ್ನುವುದು. ರಜೆಗೆ ಊರಿಗೆ ಬಂದಾಗ ನೆಂಟರ ಮುಂದೆ ಇದು ನಡೆದೀತು! ‘ಮಾಲೂಮ್’ ಎಂಬುದಕ್ಕೆ ಅರಬ್ಬಿಯಲ್ಲಿ ‘ತಿಳಿದಿರುವಂಥದ್ದು’ ಎಂದರ್ಥ. ತನಗೆ ಗೊತ್ತಿಲ್ಲ ಎನ್ನಲು ಎಮಿರಾತಿಯೊಬ್ಬ, ಅಂದರೆ ಯುಎಇ ಪ್ರಜೆ, ತನ್ನ ಮನೆಯಲ್ಲಿ “ಮಾ ಅದ್ರಿ” ಎನ್ನುತ್ತಾನೆ. ‘ಅನಾ ಮಾಫಿ ಮಾಲೂಮ್’ ಎಂದು ಅವನು ಹೇಳುವುದು ಹೊರಗಿನಿಂದ ಬಂದ ಕೆಲಸಗಾರರ ಜೊತೆ ಮಾತಾಡುವಾಗ ಮಾತ್ರ. ಕುವೈತಿಗೆ ಹೋದರೆ ಅಲ್ಲಿನವರ ಬಾಯಲ್ಲಿ ‘ಇಲ್ಲ’ ಎಂಬುದಕ್ಕೆ ‘ಮಾಕೂ’ ಎಂಬ ಬೇರೆಯೇ ಪದವಿದೆ.

ಹಾಗಾದರೆ ಇದು ಹರಕು ಅರಬ್ಬಿ, ಓದುಬರಹವಿಲ್ಲದವರು ಕೆಡಿಸಿದ ಭಾಷೆ ಎನ್ನುವವರೂ ಇದ್ದಾರೆ. ಓದಿದವರೇ ಹೆಚ್ಚಾಗಿ ಹೀಗೆನ್ನುವುದು. ಆದರೆ ಭಾಷಾವಿಜ್ಞಾನಿಗಳು ಇದನ್ನು ಗಲ್ಫ್ ಪಿಜಿನ್ ಅರೇಬಿಕ್ ಎಂದು ಕರೆದು ಅಭ್ಯಾಸ ಮಾಡಿದ್ದಾರೆ. ಪಿಜಿನ್ ಎಂದರೆ ಬೇರೆ ಬೇರೆ ಮನೆಮಾತಿನವರು ವ್ಯವಹಾರಕ್ಕಾಗಿ ಕಟ್ಟಿಕೊಂಡ ಸರಳ ಮಾತು. ಜೆ. ಆರ್. ಸ್ಮಾರ್ಟ್ ಬರೆದ ಮೊದಲ ವರದಿ 1990ರದು. 2008ರಲ್ಲಿ ಓಸ್ಲೊ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದ ನಾರ್ವೆಯ ಉನ್ ಗಿಡಾ ನೆಸ್ ಮಾತುಗಳನ್ನು ಕಲೆಹಾಕಿದ್ದು ಅಲ್ ಐನ್‌ಗೆ ಅಂಟಿಕೊಂಡಿರುವ ಒಮಾನಿನ ಬುರೈಮಿಯಲ್ಲಿ.

ಈ ಮಾತಿಗೆ ತನ್ನದೇ ಜಾಡಿದೆ. ಅರಬ್ಬಿಯಲ್ಲಿ ನಾನು, ನೀನು, ಅವಳು ಎಂಬುದಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ; ಇಲ್ಲಿ ಎಲ್ಲರಿಗೂ ಒಂದೇ ‘ರೂಹ್’. ‘ಅನಾ ರೂಹ್’ ಎಂದರೆ ನಾನು ಹೋಗುತ್ತೇನೆ, ‘ಅನಾ ಮಾಫಿ ರೂಹ್’ ಎಂದರೆ ಹೋಗುವುದಿಲ್ಲ. ‘ಖುಬೂಸ್ ಮಾಫಿ’, ರೊಟ್ಟಿ ಇಲ್ಲ. ‘ಹಾದಾ ಮಾಫಿ ಜೇನ್’, ಇದು ಚೆನ್ನಾಗಿಲ್ಲ. ಅರಬ್ಬಿ ಮನೆಮಾತಿನವರು ಈ ಮೂರು ಕಡೆ ಬೇರೆ ಬೇರೆ ರೀತಿಯಲ್ಲಿ ನಿರಾಕರಿಸುತ್ತಾರೆ, ಪಿಜಿನ್‌ನಲ್ಲಿ ಮೂರಕ್ಕೂ ಒಂದೇ ಪದ. ಕನ್ನಡಿಗರಿಗೆ ಇದು ಬೇಗ ಒಗ್ಗುವುದಕ್ಕೆ ಕಾರಣವೂ ಇಲ್ಲೇ ಇದೆ ಎನ್ನುವುದು ನನ್ನ ಎಣಿಕೆ: ಹಾಲು ಇಲ್ಲ, ಹೋಗುವುದಿಲ್ಲ, ಚೆನ್ನಾಗಿಲ್ಲ ಎಂದು ನಾವೂ ಒಂದೇ ‘ಇಲ್ಲ’ವನ್ನು ದುಡಿಸಿಕೊಳ್ಳುತ್ತೇವೆ. ‘ಸವ್ವಿ’ ಎಂಬುದೂ ಹಾಗೆಯೇ. ‘ತೆಲಿಫೋನ್ ಸವ್ವಿ’ ಎಂದರೆ ಫೋನ್ ಮಾಡು. ಯಾವ ನಾಮಪದಕ್ಕೆ ಬೇಕಾದರೂ ನಾವು ‘ಮಾಡು’ ಸೇರಿಸುವಂತೆ.

ಕೆಡಿಸಿದ್ದು ಕೆಲಸಗಾರರೇ ಎಂಬುದೂ ಅರ್ಧ ಸತ್ಯ. ಈ ಭಾಷೆಯನ್ನು ಅರಬರೂ ಆಡುತ್ತಾರೆ, ಕೆಲಸಗಾರರಿಗೆ ಕಲಿಸುವವರೂ ಎಷ್ಟೋ ಸಲ ಅವರೇ. ಅವರ ಮನೆಮಾತಿನೊಳಗೂ ನಮ್ಮ ಕಡೆಯ ಪದಗಳು ಹೊಕ್ಕಿವೆ. ದಾರಿ ತೋರಿಸುವ ಎಮಿರಾತಿ “ಸೀದಾ” ಎನ್ನುತ್ತಾನೆ, ಅದು ನಮಗೂ ಸೀದಾ ಅರ್ಥವಾಗುತ್ತದೆ. ಅವನು ಕುಡಿಯುವ ಕರಕ್ ಚಹಾ ನಮ್ಮ ಖಡಕ್ಕೇ. ಇಂಥ ಪದಗಳೆಲ್ಲ ಎಣ್ಣೆ ಸಿಕ್ಕ ಮೇಲೆಯೇ ಬಂದವಲ್ಲ, ಮುಂಬಯಿ ಜೊತೆಗಿನ ಹಳೆಯ ಹಡಗು ವ್ಯಾಪಾರದ ಪಾಲೂ ಇದೆ. 1966ರವರೆಗೂ ಈ ಭಾಗದಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ, ದಿರ್ಹಮ್ ಬಂದದ್ದು 1973ರಲ್ಲಿ.

ಇನ್ನೊಂದು ಸಣ್ಣ ಗೊಂದಲ. “ಇಂತಾ ಹಿಂದಿ?” ಎಂದು ಯಾರಾದರೂ ಕೇಳಿದರೆ “ಥೋಡಾ ಥೋಡಾ” ಎನ್ನಬೇಡಿ. ಅವರು ಕೇಳುತ್ತಿರುವುದು ನೀವು ಭಾರತದವರೇ ಎಂದು.

ನಿಜಕ್ಕೂ ಅಪಾಯವಿರುವುದು ಇಷ್ಟು ಮಾತು ಎಲ್ಲ ಕಡೆಗೂ ಸಾಕು ಎಂಬ ನಂಬಿಕೆಯಲ್ಲಿ. ಬಕಾಲಕ್ಕೆ, ಸೈಟಿಗೆ, ಟ್ಯಾಕ್ಸಿಗೆ ಸಾಕು. ಸಂಬಳ, ರಜೆ, ವೀಸಾ ರದ್ದತಿಯ ಕಾಗದಕ್ಕೆ ಸಾಲದು. ‘ಫುಲೂಸ್ ಮಾಫಿ’ ಎಂದರೆ ದುಡ್ಡಿಲ್ಲ ಎಂದಷ್ಟೇ ಆಯಿತು. ಯಾವ ತಿಂಗಳದ್ದು, ಎಷ್ಟು, ಕೊಡುವುದಿಲ್ಲವೋ ಇನ್ನೂ ಕೊಟ್ಟಿಲ್ಲವೋ ಎಂಬುದು ಅದರಿಂದ ಹೊರಡುವುದಿಲ್ಲ. ಅಲ್ ಐನ್ ಅಬುಧಾಬಿ ಎಮಿರೇಟಿಗೆ ಸೇರಿದ್ದು. ಅಲ್ಲಿನ ನ್ಯಾಯಾಂಗ ಇಲಾಖೆ 2019ರ ಫೆಬ್ರವರಿಯಲ್ಲಿ ಕಾರ್ಮಿಕ ವ್ಯಾಜ್ಯಗಳಿಗೆ ಅರಬ್ಬಿ, ಇಂಗ್ಲಿಷ್‌ಗಳ ಜೊತೆ ಹಿಂದಿಯನ್ನೂ ಸೇರಿಸಿತು. ಖಾಸಗಿ ಕಂಪನಿಯ ಉದ್ಯೋಗ ಪತ್ರವನ್ನು ಅರಬ್ಬಿ, ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ತಿಳಿಯುವ ಮತ್ತೊಂದು ಭಾಷೆಯಲ್ಲೂ ಕೊಡುವ ವ್ಯವಸ್ಥೆ 2016ರಿಂದ ಇದೆ. ಹೀಗೆ ಸಿಗುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳ, ತಮಿಳು ಇವೆ, ಕನ್ನಡವಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಇವುಗಳಲ್ಲಿ ನಿಮಗೆ ಚೆನ್ನಾಗಿ ಬರುವ ಭಾಷೆಯ ಪ್ರತಿಯನ್ನು ಕೇಳಿ ಪಡೆಯಿರಿ. ಯಾವುದೂ ಬರದಿದ್ದರೆ ಬಲ್ಲವರಿಂದ ಪೂರ್ತಿ ಓದಿಸಿಕೊಳ್ಳಿ.